ಹನ್ನೊಂದನೆಯ ಪ್ರತಿ

ಮನುಷ್ಯ ಚಂದ್ರನ ಮೇಲೆ ಇಳಿದದ್ದು ಮೇಷ್ಟ್ರ ಪುಸ್ತಕದ ಮೂರನೆಯ ಅಧ್ಯಾಯ ಓದಿಕೊಂಡೇ. ರಾಕೆಟ್ ಕಟ್ಟಿದವರೆಲ್ಲ ಅದನ್ನು ಜೇಬಿನಲ್ಲಿ ಮಡಿಸಿಟ್ಟುಕೊಂಡು, ನಟ್ಟು ಬಿಗಿಸುವಾಗೊಮ್ಮೆ ಸಡಿಲಿಸುವಾಗೊಮ್ಮೆ ತೆಗೆದು ನೋಡುತ್ತಿದ್ದರಂತೆ. ಮೇಷ್ಟ್ರು ಇದನ್ನು ಮೂವತ್ತು ವರ್ಷ ತರಗತಿಯಲ್ಲಿ ಹೇಳಿಕೊಂಡು ಬಂದಿದ್ದಾರೆ. ಆ ಹೊತ್ತಿಗೆ ಇವರ ಹಾಲುಹಲ್ಲೂ ಪೂರ್ತಿ ಬಿದ್ದಿರಲಿಲ್ಲ ಎಂದು ದಂತವೈದ್ಯೆಯಾದ ಹೆಂಡತಿ ನೆನಪಿಸಿದರೆ, ಪ್ರತಿಭೆಗೂ ಹಲ್ಲಿಗೂ ಏನು ಸಂಬಂಧ ಎಂದು ಅವರ ಬಾಯಿಯನ್ನೇ ಮುಚ್ಚಿಸುತ್ತಿದ್ದರು.

ಮೇಷ್ಟ್ರು ಇಂಗ್ಲಿಷ್ ಸಾಹಿತ್ಯದವರು. ಒಂದು ಕಂಕುಳಲ್ಲಿ ನಾನೂರು ವರ್ಷದ ಹಿಂದಿನ ನಾಟಕಗಳು, ಇನ್ನೊಂದರಲ್ಲಿ ವಿಜ್ಞಾನ ಕಥೆಗಳು. ವಿಭಾಗದ ಹಿರಿಯರು ಇದನ್ನು ಎರಡು ದೋಣಿಯ ಸವಾರಿ ಎಂದು ಆಡಿಕೊಂಡಾಗ ಮೇಷ್ಟ್ರು ಎರಡನ್ನೂ ಒಂದೇ ಹಗ್ಗದಿಂದ ಬಿಗಿದು ಕಟ್ಟಿಬಿಟ್ಟರು. ಬರೆದವರು ಯಾರೆಂದೇ ಗೊತ್ತಿಲ್ಲದ ಒಂದು ಹಳೆಯ ನಾಟಕದ ನಾಲ್ಕನೆಯ ಅಂಕದಲ್ಲಿ ಒಂದು ರಂಗಸೂಚನೆ ಇದೆ: 'ಚಂದ್ರಲೋಕದವನು ಮೇಲಿನಿಂದ ಇಳಿಯುತ್ತಾನೆ.' ಇಷ್ಟೇ ಮಾತಿನಿಂದ ಮೇಷ್ಟ್ರು ತಮ್ಮ ಮೂರನೆಯ ಅಧ್ಯಾಯದಲ್ಲಿ ರಂಗದ ಸೂರಿಗೆ ರಾಟೆ ಹೂಡಿದರು, ಹಗ್ಗ ಇಳಿಬಿಟ್ಟರು, ತುದಿಗೊಂದು ಮರದ ಪೀಠ ಕಟ್ಟಿದರು. ಕಥೆಗಳಲ್ಲಿ ಹಾರುವ ಅಂತರಿಕ್ಷ ನೌಕೆಗಳೆಲ್ಲ ಆ ರಾಟೆಯ ಮೊಮ್ಮಕ್ಕಳು ಎಂದು ಸಾಧಿಸಿದರು. ಆ ನಾಟಕದ ಹನ್ನೊಂದೇ ಪ್ರತಿಗಳು ಪ್ರಪಂಚದಲ್ಲಿ ಉಳಿದಿವೆ. 'ಹನ್ನೊಂದನ್ನೂ ನಾನು ಕಣ್ಣಾರೆ ನೋಡಿದ್ದೇನೆ. ಎಲ್ಲದರಲ್ಲೂ ಹೀಗೆಯೇ ಇದೆ' ಎಂದು ಅಡಿಟಿಪ್ಪಣಿ ಬರೆದರು. ಅವರ ಕೀರ್ತಿಯೆಲ್ಲ ನಿಂತದ್ದು ಆ ಟಿಪ್ಪಣಿಯ ಹೆಗಲ ಮೇಲೆ.

ಈಗ ಪುಸ್ತಕದ ಎರಡನೆಯ ಆವೃತ್ತಿ. ಒಂದು ಕಾಲದ ಶಿಷ್ಯೆ, ಈಗ ಪಕ್ಕದ ಕೋಣೆಯ ಅಧ್ಯಾಪಕಿ, ಸಹಸಂಪಾದಕಿ. ಅವಳ ಹೆಸರು ಮುಖಪುಟಕ್ಕೆ ಬರುತ್ತಿರುವುದು ಇದೇ ಮೊದಲು. ಅವಳ ತಾಯಿ ಆಗಲೇ ಚಿಕ್ಕಮ್ಮ ದೊಡ್ಡಮ್ಮಂದಿರಿಗೆಲ್ಲ ಫೋನು ಮಾಡಿ ಮುಗಿಸಿದ್ದರು. ಪ್ರೂಫ್ ಸಂಜೆಯೊಳಗೆ ಅಚ್ಚಿಗೆ ಹೋಗಬೇಕು. ಅಂಥ ಮಧ್ಯಾಹ್ನ ಅವಳು ಮೇಷ್ಟ್ರನ್ನು ಗ್ರಂಥಾಲಯದ ಮೂರನೆಯ ಮಹಡಿಗೆ ಕರೆದಳು. ಹನ್ನೊಂದನೆಯ ಪ್ರತಿ ಇರುವುದು ಅಲ್ಲೇ.

ಹಳೆಯ ಪುಸ್ತಕಗಳ ಆ ಕೋಣೆಗೆ ಪೆನ್ನು ತರುವಂತಿಲ್ಲ, ಪೆನ್ಸಿಲ್ ಮಾತ್ರ. ಕಾವಲಿಗೆ ಕೂತ ಪೆನ್ಸಿಲಮ್ಮನಿಗೆ ಕೆಳಗೆ ರಸ್ತೆಯಲ್ಲಿ ಯಾರೋ ಪೆನ್ನಿನ ಟೋಪಿ ತೆಗೆದರೂ ಕೇಳಿಸುತ್ತದೆ. ಧೂಳು ಕೂಡ ಅವರ ಅಪ್ಪಣೆ ಪಡೆದೇ ಕೆಳಗೆ ಇಳಿಯುತ್ತದೆ. ಮೆತ್ತನೆಯ ದಿಂಬಿನ ಮೇಲೆ, ಎಳೆಗೂಸಿನ ಹಾಗೆ, ಪುಸ್ತಕ ಮಲಗಿತ್ತು.

"ಈ ಮಡಿಕೆ ನೋಡಿ ಸಾರ್," ಎಂದಳು ಶಿಷ್ಯೆ.

ಆ ಕಾಲದಲ್ಲಿ ದೊಡ್ಡ ಹಾಳೆಯ ಮೇಲೆ ಅಚ್ಚು ಹಾಕಿ ಮಡಿಸಿ ಹೊಲಿಯುತ್ತಿದ್ದರು. ಓದುವವರು ಅಂಚು ಕತ್ತರಿಸಿಕೊಂಡು ಓದಬೇಕು. ಈ ಪ್ರತಿಯಲ್ಲಿ ನಾಲ್ಕನೆಯ ಅಂಕದ ಎರಡು ಎಲೆಗಳ ಮೇಲಂಚು ಹಾಗೆಯೇ ಕೂಡಿಕೊಂಡಿತ್ತು. ನಾನೂರು ವರ್ಷದಿಂದ ಯಾರೂ ಚಾಕು ತಾಗಿಸಿರಲಿಲ್ಲ. ರಂಗಸೂಚನೆ ಇರಬೇಕಾದದ್ದು ಆ ಮಡಿಕೆಯ ಒಳಗೆ. ಇದನ್ನು ಹೇಗೆ ಓದಿದಿರಿ ಎಂದು ಅವಳು ಮೆಲ್ಲಗೆ ಕೇಳಿದಳು.

ಮೇಷ್ಟ್ರು ಸೋಲುವವರಲ್ಲ. ಆಗ ತಮ್ಮ ಕಣ್ಣು ಎಷ್ಟು ಚುರುಕಾಗಿತ್ತೆಂದರೆ ಕಾಗದದ ಈಚೆಯಿಂದಲೇ ಆಚೆಯದು ಕಾಣುತ್ತಿತ್ತು ಎಂದರು. ಪೆನ್ಸಿಲಮ್ಮ ಕೆಮ್ಮಿದರು. ಹಾಗಲ್ಲ, ಪಕ್ಕದಿಂದ ಇಣುಕಿದ್ದೆ ಎಂದು ತಿದ್ದಿಕೊಂಡರು.

"ನಾನೂ ಹಾಗೇ ಇಣುಕಿದೆ ಸಾರ್. ಸಣ್ಣ ಟಾರ್ಚ್ ಹಿಡ್ಕೊಂಡು."

"ಏನಿದೆ?" ಎಂದರು ಮೇಷ್ಟ್ರು.

ಕೇಳಿದ ಮೇಲೆ ನಾಲಗೆ ಕಚ್ಚಿಕೊಂಡರು. ಅಷ್ಟರಲ್ಲಿ ಹೊತ್ತು ಮೀರಿತ್ತು.

"ನೋಡಿದೋರು ಏನಿದೆ ಅಂತ ಕೇಳಲ್ಲ," ಎಂದಳು ಶಿಷ್ಯೆ. ಇಬ್ಬರ ಹೆಸರೂ ಇದ್ದ ಪ್ರೂಫಿನ ಮೊದಲ ಪುಟ ಅವರ ಮುಂದೆ ಸರಿಸಿದಳು. "ನಿಮ್ಮಿಂದಲೇ ಕಲಿತಿದ್ದು ಸಾರ್, ನೋಡದೆ ಬರೀಬಾರದು ಅಂತ. ಟಿಪ್ಪಣಿ ಹೀಗೇ ಇರೋದಾದ್ರೆ ನನ್ನ ಹೆಸರು ತೆಗೆದುಬಿಡಿ. ಅಮ್ಮನಿಗೆ ನಾನು ಹೇಳ್ಕೋತೀನಿ."

ಹಸಿರು ಮುಖದ ಸೇನಾಪತಿಯೊಬ್ಬ ಮೇಷ್ಟ್ರ ಕಣ್ಣ ಮುಂದೆ ಬಂದು ಹಲ್ಲು ಕಿರಿದ.

"ಆವತ್ತು ಇದೇ ಮೇಜು," ಎಂದು ಶುರುಮಾಡಿದರು. "ಪುಸ್ತಕ ದಿಂಬಿನ ಮೇಲೆ ಇತ್ತು. ನನ್ನ ಫೈಲಿನೊಳಗೆ ಫುಟ್‌ಪಾತಿನಲ್ಲಿ ಸಿಕ್ಕಿದ ಒಂದು ವಿಜ್ಞಾನ ಕಥೆಯ ಪತ್ರಿಕೆ, ಮುಖಪುಟದ ಮೇಲೆ ಹಸಿರು ಮುಖದ ಸೇನಾಪತಿ. ಹತ್ತು ನಿಮಿಷ ಓದೋಣ ಅಂತ ತೆಗೆದೆ ತಾಯಿ. ನೌಕೆಯಿಂದ ಒಬ್ಬ ಹಗ್ಗ ಹಿಡಿದು ಗ್ರಹದ ಮೇಲೆ ಇಳೀತಿದ್ದ. ರಾಟೆ ಹೊಳೆದಿದ್ದೇ ಆಗ. ತಲೆ ಎತ್ತಿದಾಗ ಬಾಗಿಲು ಹಾಕೋ ಗಂಟೆ ಹೊಡೀತಿತ್ತು. ಎಲ್ಲದರಲ್ಲೂ ಇರೋದು ಇದರಲ್ಲೂ ಇರುತ್ತೆ ಅಂತ ಬರ್ಕೊಂಡು ಹೋದೆ."

ಶಿಷ್ಯೆ ನಗಲಿಲ್ಲ. ಟಾರ್ಚನ್ನು ಅವರ ಕೈಗೆ ಕೊಟ್ಟಳು. ಮೇಷ್ಟ್ರು ಉಸಿರು ಬಿಗಿಹಿಡಿದು ಮಡಿಕೆಯೊಳಗೆ ಇಣುಕಿದರು. 'ಚಂದ್ರಲೋಕದವನು ಬಾಗಿಲಿನಿಂದ ಬರುತ್ತಾನೆ' ಎಂದಿತ್ತು. ಮೂವತ್ತು ವರ್ಷದ ರಾಟೆ ಕಳಚಿ ತಮ್ಮ ನೆತ್ತಿಯ ಮೇಲೇ ಬಿದ್ದಂತಾಯಿತು.

"ಗಾಬರಿ ಆಗಬೇಡಿ," ಎಂದಳು ಅವಳು. "ಇದರ ಮುಂದಿನ ಪುಟದಲ್ಲಿ ತಪ್ಪುಗಳು ಹಾಗೇ ಇವೆ, ಉಳಿದ ಹತ್ತರ ಫೋಟೋ ತರಿಸಿ ನೋಡ್ದೆ, ಅವುಗಳಲ್ಲಿ ತಿದ್ದಿದಾರೆ. ಅಂದ್ರೆ ಇದು ಮೊದಲು ಅಚ್ಚಾದ ಹಾಳೆ. ಆಮೇಲೆ ಯಾರೋ ಯಂತ್ರ ನಿಲ್ಲಿಸಿ, ಅಚ್ಚಿನ ಮೊಳೆ ಬದಲಾಯಿಸಿ, ಅವನನ್ನ ಬೇಕೂಂತಲೇ ಮೇಲಿನಿಂದ ಇಳಿಸಿದಾರೆ. ನಿಮ್ಮ ವಾದಕ್ಕೆ ಇದಕ್ಕಿಂತ ಏನು ಬೇಕು ಸಾರ್?"

ಮೇಷ್ಟ್ರ ಮುಖ ಊರಗಲ ಅರಳಿತು. ಇದನ್ನು ಮೊದಲೇ ಊಹಿಸಿದ್ದೆ ಎನ್ನಲು ಬಾಯಿ ತೆರೆದವರು ಶಿಷ್ಯೆಯ ಹುಬ್ಬು ನೋಡಿ ಮುಚ್ಚಿದರು. ಪೆನ್ಸಿಲಮ್ಮನಿಂದ ಪೆನ್ಸಿಲ್ ಇಸಿದುಕೊಂಡು, ಪ್ರೂಫಿನ ಪುಟ ತಿರುವಿ, ಹಳೆಯ ಟಿಪ್ಪಣಿ ಹೊಡೆದು ಹಾಕಿದರು. 'ಹತ್ತು ಪ್ರತಿಗಳನ್ನು ನಾನು ನೋಡಿದ್ದೇನೆ. ಹನ್ನೊಂದನೆಯದನ್ನು ನೋಡಿ, ಬದಲಾವಣೆ ಕಂಡುಹಿಡಿದವಳು ನನ್ನ ಸಹಸಂಪಾದಕಿ' ಎಂದು ಬರೆದರು. ಅವಳು ಮೊದಲ ಪುಟದಲ್ಲಿ ತನ್ನ ಹೆಸರಿನ ಕೆಳಗೆ ಒಪ್ಪಿಗೆಯ ಸಹಿ ಹಾಕಲು ಬಗ್ಗಿದಳು.

"ಸ್ವಲ್ಪ ತಡಿ," ಎಂದರು ಮೇಷ್ಟ್ರು.

'ಹತ್ತು' ಎಂಬುದನ್ನು ರಬ್ಬರಿನಿಂದ ಉಜ್ಜಿದರು.

"ಒಂಬತ್ತು, ತಾಯಿ. ಹತ್ತನೆಯದಿದ್ದ ಊರಿಗೆ ಹೊರಟ ರೈಲಿನಲ್ಲಿ ಅದೇ ಪತ್ರಿಕೆಯ ಹಿಂದಿನ ಸಂಚಿಕೆ ಸಿಕ್ಕಿತ್ತು. ಇಳಿಯೋ ಸ್ಟೇಷನ್ ದಾಟಿಹೋಯ್ತು."