ಬೇರಿನಲ್ಲಿ ಉಸಿರಾಡುವ ಹುಳು

ತಮ್ಮನಿಗೆ ಇವತ್ತು ‘ಮನೆ ಬಿಡು’ ಎಂದು ಹೇಳಿಯೇ ಬಿಡುವುದೆಂದು ಅಕ್ಕ ತೀರ್ಮಾನಿಸಿದ್ದು ಕೆರೆಯಲ್ಲಿ, ಸೊಂಟದವರೆಗಿನ ನೀರಿನಲ್ಲಿ ನಿಂತಾಗ. ಕೆರೆನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಅವಳಿಗೆ ಬಂದ ಕೆಲಸವೇ ಅಂಥದ್ದು. ಬೆಳೆದ ಜೀರುಂಡೆಗಳು ನೈದಿಲೆಯ ಎಲೆಯ ಮೇಲೆ ತಾಮ್ರದ ಹಾಗೆ ಮಿರುಗುತ್ತ ಬಿಸಿಲು ಕಾಯಿಸುತ್ತವೆ. ಸಾಹೇಬರು ದೋಣಿಯಲ್ಲಿ ಕೂತು ಅವುಗಳ ಫೋಟೋ ತೆಗೆಯುತ್ತಾರೆ. ಕೆಸರಿನಲ್ಲಿ ಬೇರು ತಡಕಿ ಅವುಗಳ ಮರಿಹುಳು ಹುಡುಕುವುದು ಅಕ್ಕನ ಪಾಲು.

ಆ ಮರಿಹುಳುವಿನ ಬಾಳನ್ನು ನೋಡಬೇಕು. ಹಿಂಬದಿಯಲ್ಲಿ ಎರಡು ಮುಳ್ಳು. ಅವನ್ನು ಬೇರಿಗೆ ಚುಚ್ಚಿ, ಗಿಡದೊಳಗಿನ ಗಾಳಿಯನ್ನೇ ಉಸಿರಾಡುತ್ತ, ಅದೇ ಬೇರನ್ನು ಮೇಯುತ್ತ ಬಿದ್ದಿರುತ್ತದೆ. ನೀರಿನ ಮೇಲೆ ತಲೆ ಹಾಕುವ ಗೋಜೇ ಇಲ್ಲ. ಅದನ್ನು ಕಂಡಾಗಲೆಲ್ಲ ಅಕ್ಕನಿಗೆ ತಮ್ಮನ ನೆನಪಾಗುತ್ತಿತ್ತು.

ಕೆಲಸಕ್ಕಿದ್ದ ಮುದ್ರಣಾಲಯ ಮುಚ್ಚಿದ ಮೇಲೆ ಒಂದು ವಾರವಿದ್ದು ಹೋಗುತ್ತೇನೆಂದು ಬಂದವನು ಅವನು. ಆ ವಾರ ಮುಗಿಯದೆ ವರ್ಷಗಳೇ ಉರುಳಿವೆ. ಮುಂದಿನ ಕೋಣೆಯ ಸೋಫಾ ಅವನದು, ಕಿಟಕಿಯ ಕಟ್ಟೆಯಲ್ಲಿ ಅರ್ಧ ಕುಡಿದಿಟ್ಟ ಲೋಟಗಳೂ ಅವನವು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅಂತಾರೆ, ಅಕ್ಕನ ಬಳಿ ಕುಡಿಕೆಯೇ ಇರಲಿಲ್ಲ. ಅವಳಿಗೆ ಸಾಕಾಗಿತ್ತು. ಕಾಲು ಚಾಚಿ, ಯಾರ ಮುಖವನ್ನೂ ನೋಡದೆ ಒಂದು ಸಂಜೆ ಬಿದ್ದುಕೊಳ್ಳಬೇಕು, ಅಷ್ಟೇ ಆಸೆ.

ಮನೆಗೆ ಬಂದಾಗ ತಮ್ಮ ಟವೆಲು ಕೊಟ್ಟು, ಎಂದಿನಂತೆ ಕೇಳಿದ:

“ಇವತ್ತು ಸಿಕ್ತಾ?”

“ಏನು ಸಿಗುತ್ತೆ ಮಣ್ಣು,” ಎಂದು ಶುರು ಮಾಡಿದ ಅಕ್ಕ ಬೇರಿನ ಕಥೆ ಹೇಳುತ್ತಲೇ ಹೋದಳು. ಒಂದೇ ಗೆಡ್ಡೆಯಲ್ಲಿ ಸಾಲಾಗಿ ಅಂಟಿದ್ದ ಗೂಡುಗಳು, ಅದರಲ್ಲೊಂದನ್ನು ಬಿಡಿಸಿದರೆ ಒಳಗೆ ರೆಕ್ಕೆ ಬಲಿತ ಜೀರುಂಡೆ. ಚಹಾ ಆರಿದ ಮೇಲೆ ತಾನು ಹೇಳಬೇಕಿದ್ದ ಮಾತು ನೆನಪಾಯಿತು. ತನ್ನ ಮೇಲೆಯೇ ಸಿಟ್ಟು ಬಂತು.

“ಆ ಹುಳಾನೂ ಒಂದಿನ ಬೇರು ಬಿಟ್ಟು ಮೇಲೆ ಬರುತ್ತೆ ಕಣೋ,” ಎಂದಳು. “ನೀನು ಯಾವಾಗ?”

ಅವನು ಲೋಟ ಕೆಳಗಿಟ್ಟ.

“ಕೆಲಸ ಸಿಕ್ಕಿದೆ ಅಕ್ಕ. ಬೇರೆ ಊರಲ್ಲಿ, ಮುದ್ರಣಾಲಯದಲ್ಲೇ. ಸಿಕ್ಕಿ ತುಂಬಾ ದಿನ ಆಯ್ತು.”

“ಮತ್ತೆ ಯಾಕೋ ಹೋಗಿಲ್ಲ?”

“ನಾನು ಹೋದ್ರೆ ಸಂಜೆ ಬಂದು ಯಾರನ್ನ ಬೈತೀಯ?” ಅವನು ನಗಲು ನೋಡಿದ, ಆಗಲಿಲ್ಲ. “ಆಫೀಸಲ್ಲಿ ಯಾರೂ ನಿನ್ನ ಮಾತಾಡಿಸಲ್ಲ. ನೀನೇ ಹೇಳಿದ್ದು. ಇನ್ನು ಕಾಯೋಕಾಗಲ್ಲ ಅಂತ ಆ ಮುದ್ರಣಾಲಯದವರು ಇವತ್ತು ಫೋನ್ ಮಾಡಿದ್ರು. ನಾಳೆ ಬೆಳಿಗ್ಗೆ ಉತ್ತರ ಹೇಳ್ಬೇಕು.”

ಇಷ್ಟು ದಿನ ಯಾರನ್ನು ಯಾರು ಸಾಕಿದ್ದು ಎಂಬುದು ಅಕ್ಕನಿಗೆ ತಟ್ಟನೆ ತಿಳಿಯದಾಯಿತು. ಹಾಗೆಂದು ದಣಿವೇನೂ ಕಡಿಮೆಯಾಗಲಿಲ್ಲ.

“ಹೋಗು,” ಎಂದಳು. ಬೆಳಿಗ್ಗೆಯಿಂದ ನಾಲಿಗೆಯ ತುದಿಯಲ್ಲೇ ಇದ್ದ ಮಾತು ಈಗ ಕಷ್ಟಪಟ್ಟು ಹೊರಬಂತು. “ಬರ್ತೀನಿ ಅಂತ ಹೇಳು ಅವರಿಗೆ.”

ಅವನು ಲೋಟ ತೊಳೆಯಲು ಎದ್ದ.

“ಕೂತ್ಕೋ. ಆ ಗೂಡಿನ ಕಥೆ ಇನ್ನೂ ಮುಗಿದಿಲ್ಲ.”

ಕಥೆ ಆಗಲೇ ಮುಗಿದಿತ್ತು. ಅವನಿಗೂ ಅದು ಗೊತ್ತಿತ್ತು. ಆದರೂ ಕೂತ.