ಯಾಣಕ್ಕೆ ಹೋದ ಚೀಫ್ ಜಸ್ಟಿಸ್

ಆಗಸ್ಟ್ ಒಂದು, ಬೆಳಿಗ್ಗೆ ಏಳು ಗಂಟೆ. ವೆಂಕಟ ಯಾಣಕ್ಕೆ ಹೋಗಿರಲಿಲ್ಲ.

ಹೋಗಿದ್ದಾನೆಂದೇ ಧಾರೇಶ್ವರದಾಚೆಯ ಆ ಮೀನುಗಾರರ ಕೇರಿ ತಿಳಿದಿತ್ತು. ಹೆಂಡತಿ ತಿಮ್ಮಿಗೆ ಅವನೇ ಹಿಂದಿನ ದಿನ ಪಾಠ ಹೇಳಿಕೊಟ್ಟಿದ್ದ: "ಯಾರ್ ಕೇಳಿದ್ರೂ ಯಾಣಕ್ಕೆ ಹೋಗ್ಯಾರೆ, ಸಂಜೆ ಬತ್ತಾರೆ ಅನ್ನು. ಮತ್ತೆಂತದೂ ಹೇಳ್ಬೇಡ."

"ಆತು," ಎಂದಿದ್ದಳು ತಿಮ್ಮಿ. ಎದುರು ಮಾತಿಲ್ಲದೆ ಅವಳು ಒಪ್ಪಿದಾಗಲೇ ವೆಂಕಟನಿಗೆ ಅನುಮಾನ ಬರಬೇಕಿತ್ತು.

ವಿಷಯ ಇಷ್ಟು. ಕೇರಿಯ ಮೀನುಗಾರರ ಸಂಘಕ್ಕೆ ಹೊಸದಾಗಿ ಆಯ್ಕೆಯಾದ ಅಧ್ಯಕ್ಷರು, ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಮೊದಲ ಬೋಟು ಹೊರಡುವ ಮುನ್ನ, ಹಳೆಯ ದೋಣಿಯ ಹುಟ್ಟಿನ ಮೇಲೆ ಕೈಯಿಟ್ಟು ಪ್ರಮಾಣ ಮಾಡಬೇಕು. ಮಾಡಿಸುವವನು ಕೇರಿಯ ಜಗಳಗಳಿಗೆ ತೀರ್ಪು ಹೇಳುವ ಹಿರಿಯ, ಅಂದರೆ ವೆಂಕಟ. ಆ ಹೊತ್ತು ತಪ್ಪಿದರೆ ಹಳೆಯ ಅಧ್ಯಕ್ಷನೇ ಇನ್ನೊಂದು ವರ್ಷ ಕುರ್ಚಿಯಲ್ಲಿ. ಹಳೆಯ ಅಧ್ಯಕ್ಷ ಭಾಸ್ಕರ ವೆಂಕಟನ ತಂಗಿಯ ಮಗ. ಅವನನ್ನು ಸೋಲಿಸಿದವಳು ಮೀನು ಮಾರುವ ಕಲ್ಪನಾ. ಮೀನಿನ ಹರಾಜು ಕಟ್ಟೆಗೆ ಮಳೆ ತಡೆಯುವ ತಗಡಿನ ಮಾಡು ಹಾಕಿಸುತ್ತೇನೆಂದು ಅವಳು ಮತ ಕೇಳಿದ್ದಳು. ಭಾಸ್ಕರನೂ ಪ್ರತಿ ಚುನಾವಣೆಯಲ್ಲಿ ಅದನ್ನೇ ಹೇಳಿ ಗೆದ್ದವನು; ಹೆಂಗಸರು ಮಾತ್ರ ಇವತ್ತಿಗೂ ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಮಳೆಯಲ್ಲೇ ಬಂಗಡೆ ಆರಿಸುತ್ತಿದ್ದರು.

ರಾಷ್ಟ್ರಪತಿಯವರ ಪ್ರಮಾಣವಚನ ಟೀವಿಯಲ್ಲಿ ಬಂದಂದಿನಿಂದ ಕೇರಿ ವೆಂಕಟನನ್ನು 'ಚೀಫ್ ಜಸ್ಟಿಸ್' ಎನ್ನುತ್ತಿತ್ತು. ಗೇಲಿಗೆ ಕರೆದದ್ದನ್ನು ಅವನು ಬಿರುದೆಂದು ಇಟ್ಟುಕೊಂಡ. ಸಂಘದ ಸಭೆಯಲ್ಲಿ ಎದ್ದುನಿಂತು, "ಪ್ರಮಾಣದ ವಿಷ್ಯದಲ್ಲಿ ದಿಲ್ಲಿಲಿ ಹೆಂಗೋ ನಮ್ಮಲ್ಲೂ ಹಂಗೇ" ಎಂದು ನಿಯಮವನ್ನೂ ಮಾಡಿಸಿದ. ದಿಲ್ಲಿಯ ನಿಯಮವನ್ನು ಪೂರ್ತಿ ಓದಿರಲಿಲ್ಲ.

ಅಡುಗೆಮನೆಯಲ್ಲಿ ಅಡಗಿ ಕುಳಿತಿದ್ದ ವೆಂಕಟನ ಫೋನು ಬಡಿದುಕೊಂಡಿತು. ಅಭ್ಯಾಸಬಲದಿಂದ ಎತ್ತಿಬಿಟ್ಟ.

"ವೆಂಕಟಮಾವಾ, ಎಲ್ಲಿದ್ರಿ?" ಕಲ್ಪನಾ.

"ಯಾಣದಲ್ಲಿ. ಬಂಡೆ ಬುಡದಲ್ಲೇ ಇದ್ದೆ. ಸಮಾ ಕೇಳುದಿಲ್ಲ."

ಅಷ್ಟರಲ್ಲಿ ಐಸ್ ಲಾರಿ ಮನೆಯೆದುರು ಉದ್ದಕ್ಕೆ ಹಾರ್ನ್ ಹೊಡೆಯಿತು.

"ಯಾಣಕ್ಕೂ ಐಸ್ ಲಾರಿ ಬತ್ತದ್ಯಾ ಮಾವಾ?"

"ಅದು... ಟೂರಿಸ್ಟ್ ಬಸ್ಸು."

"ಹಂಗಾರೆ ನೀವು ಊರಲ್ಲಿಲ್ಲ, ಖರೆ ಅಲ್ದಾ? ಸ್ಪೀಕರ್ ಹಾಕಿದ್ದೆ, ಎಲ್ಲರೂ ಕೇಳ್ತಿದ್ರು."

"ಖರೆ! ಎಂತಕ್ಕೆ ಸುಳ್ಳು ಹೇಳ್ಲಿ?"

"ಆತು. ದರ್ಶನ ಸಾವಕಾಶ ಮಾಡ್ಕಂಡು ಬನ್ನಿ."

ಇದು ಸರಿಯಿಲ್ಲ ಅನ್ನಿಸಿತು. ಹರಾಜು ಕಟ್ಟೆ ಕೂಗಳತೆಯಲ್ಲಿತ್ತು. ಅಲ್ಲಿಂದ ಮೈಕಿನಲ್ಲಿ ಕಲ್ಪನಾ ಓದುವ ದನಿ ಬಂತು: ಸಂವಿಧಾನದ ಅರವತ್ತನೇ ವಿಧಿಯಂತೆ ರಾಷ್ಟ್ರಪತಿ ಮುಖ್ಯ ನ್ಯಾಯಮೂರ್ತಿಯ ಮುಂದೆ ಪ್ರಮಾಣ ಮಾಡಬೇಕು; ಅವರಿಲ್ಲದಿದ್ದರೆ ಸುಪ್ರೀಂ ಕೋರ್ಟಿನ ಲಭ್ಯ ನ್ಯಾಯಮೂರ್ತಿಗಳಲ್ಲಿ ಅತ್ಯಂತ ಹಿರಿಯರ ಮುಂದೆ.

ಭಾಸ್ಕರ ನಕ್ಕದ್ದೂ ಮೈಕಿನಲ್ಲಿ ಕೇಳಿತು. "ನಮ್ಮ ಕೇರಿಲಿ ಎರಡನೇ ಜಡ್ಜ್ ಯಾರೇ ಮಾರಾಯ್ತಿ?"

"ನಿನ್ನ ಮಾವ ಸಮುದ್ರಕ್ಕೆ ಹೋದಾಗೆಲ್ಲ ತೀರ್ಪು ಹೇಳ್ತಿದ್ದದ್ದು ಯಾರಾ?" ಇದು ಮುದುಕಿ ಹನುಮಕ್ಕ. "ನಿನ್ನ ಬಲೆ ಜಗಳ ಬಗೆಹರಿಸಿದ್ದು ಯಾರಾ? ಮರ್ತೋಯ್ತಾ?"

"ತಿಮ್ಮಿ ಅತ್ತೆ," ಎಂದ ಭಾಸ್ಕರ, ದನಿ ಇಳಿಸಿ.

ವೆಂಕಟ ಪ್ರಮಾಣದ ಹುಟ್ಟು ಇಡುತ್ತಿದ್ದ ಬಾಗಿಲ ಹಿಂದೆ ನೋಡಿದ. ಹುಟ್ಟು ಇರಲಿಲ್ಲ. ಬಾಗಿಲು ಎಳೆದ. ಹೊರಗಿಂದ ಬೀಗ. ಹಿಂಬಾಗಿಲಿಗೂ ಹೊರಗಿಂದಲೇ ಚಿಲಕ.

ಕೂಗಬೇಕೆಂದು ಬಾಯಿ ತೆರೆದ, ಮುಚ್ಚಿದ. ಕೂಗಿದರೆ ಯಾರಾದರೂ ಬಂದು ಬೀಗ ಒಡೆದಾರು, ತಾನಿರುವಾಗ ತಿಮ್ಮಿಗೆ ಅಧಿಕಾರವಿಲ್ಲವೆಂದು ತಡೆದರೆ ಭಾಸ್ಕರನ ಕುರ್ಚಿ ಉಳಿದೀತು. ಆದರೆ ಈಗಷ್ಟೇ ಇಡೀ ಕೇರಿಯೆದುರು ಯಾಣದಲ್ಲಿದ್ದೇನೆಂದವನು ಅಡುಗೆಮನೆಯಿಂದ ಹೊರಬಿದ್ದರೆ, ನಾಳೆ ಅವನ ತೀರ್ಪನ್ನು ಯಾರು ಕೇಳುತ್ತಾರೆ?

"ಕೈ ಸಮಾ ಇಡೇ ಮಗಾ," ಮೈಕಿನಲ್ಲಿ ತಿಮ್ಮಿ. "ಹಂ, ಹೇಳು. ಸಮುದ್ರದ ಸಾಕ್ಷಿಯಾಗಿ..."

ಒಂದು ಪದವೂ ತಪ್ಪಲಿಲ್ಲ. ತೂಕದಲ್ಲಿ ಮೋಸ ಮಾಡುವುದಿಲ್ಲ, ಪಾಲಿನಲ್ಲಿ ಭೇದ ಮಾಡುವುದಿಲ್ಲ. ವೆಂಕಟನ ತುಟಿಯೂ ತನ್ನಷ್ಟಕ್ಕೆ ಅಲುಗುತ್ತಿತ್ತು. ಕೊನೆಗೆ ತಿಮ್ಮಿ ಒಂದು ಸಾಲು ಸೇರಿಸಿದಳು: "ಬರೂ ಮಳೆಗಾಲದೊಳಗೆ ಕಟ್ಟೆಗೆ ಮಾಡು ಹಾಕಿಸ್ತೆ."

"ಅದು ಪ್ರಮಾಣದಲ್ಲಿಲ್ಲ!" ವೆಂಕಟ ಕಿರುಚಿದ.

ರಸ್ತೆಯಲ್ಲಿ ಸೈಕಲ್ ನಿಂತಿತು. ಕಿಟಕಿಯಾಚೆ ಪಕ್ಕದ ಮನೆಯ ಚೌಡನ ದನಿ: "ಒಳಗೆ ಯಾರದು?"

ವೆಂಕಟ ಉಸಿರು ಬಿಗಿಹಿಡಿದು ಒರಳಿನ ಪಕ್ಕ ಕುಳಿತ.

"ಯಾಣ ಭಾರೀ ಹತ್ರ ಬಂದದೆ," ಎಂದು ಗೊಣಗಿ ಚೌಡ ಕಟ್ಟೆಯ ಕಡೆ ಹೋದ. ಸ್ವಲ್ಪ ಹೊತ್ತಿಗೆ ಅಲ್ಲಿಂದ ದೊಡ್ಡ ನಗು ಕೇಳಿತು. ಆಮೇಲೆ ಮೊದಲ ಬೋಟಿನ ಇಂಜಿನ್.

ಸಂಜೆ ತಿಮ್ಮಿ ಬೀಗ ತೆಗೆದಳು.

"ಬೀಗ ಎಂತಕ್ಕೆ ಹಾಕಿದ್ದೆ?"

"ನೀವು ಯಾಣದಲ್ಲಿ, ನಾನು ಕಟ್ಟೆಲಿ. ಮನೆ ತೆರೆದಿಟ್ಟು ಹೋಗುಕೆ ಆತದ್ಯಾ?" ಹುಟ್ಟನ್ನು ಬಾಗಿಲ ಹಿಂದೆ ಒರಗಿಸಿದಳು. "ದರ್ಶನ ಆತಾ?"

"ಆತು."

"ಪ್ರಸಾದ?"

ವೆಂಕಟ ಜಾರುತ್ತಿದ್ದ ಹುಟ್ಟನ್ನು ಸರಿಮಾಡಿ ನಿಲ್ಲಿಸಿದ.

ಮಾಡಿನ ತಗಡು ಮಾರ್ಚ್‌ನಲ್ಲಿ ಬಂತು. ಲಾರಿಯಿಂದ ಇಳಿಸುವಾಗ ವೆಂಕಟನೂ ಕೈ ಹಾಕಿದ.