ಖಾಲಿ ಸೈಟಿನ ದಂಟು

“ಯಾವಳೇ ಅವಳು, ನನ್ನ ಸೈಟಲ್ಲಿ ಬೇಸಾಯಕ್ಕಿಳಿದಿರೋ ಮುಂಡೆ?”

ದಂಟಿನ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದ ಶಾಮಲಮ್ಮ ಸೊಂಟ ನೆಟ್ಟಗೆ ಮಾಡಿ ನೋಡಿದಳು. ಸೈಟಿನ ಯಜಮಾನ ಸುಬ್ಬರಾಯಪ್ಪ ಬೈಕಿನಿಂದ ಇಳಿಯದೆ ಕಾಲೂರಿ ನಿಂತಿದ್ದ. ಅವನ ಮನೆ ಹಿಂದಿನ ಬೀದಿಯಲ್ಲೇ ಇದ್ದರೂ ಹತ್ತು ವರ್ಷದಿಂದ ಇತ್ತ ತಲೆ ಹಾಕಿದವನಲ್ಲ.

ಕೋಲಾರದ ಆ ಬಡಾವಣೆಯ ಕಸವೆಲ್ಲ ಬಂದು ಬೀಳುತ್ತಿದ್ದದ್ದು ಅಲ್ಲಿಗೇ. ಒಡೆದ ಬಾಟಲಿ, ಸತ್ತ ನಾಯಿ, ಏನುಂಟು ಏನಿಲ್ಲ! ಬೀದಿ ಗುಡಿಸುವ ಡ್ಯೂಟಿ ಮುಗಿಸಿ, ಎರಡು ತಿಂಗಳು ಅದನ್ನೆಲ್ಲ ಹೊತ್ತು ಹಾಕಿ, ಶಾಮಲಮ್ಮ ಎರಡು ಮಡಿ ದಂಟು ಎಬ್ಬಿಸಿದ್ದಳು. ಮಗಳು ಗಂಗಾ ಬಸುರಿ. ಮೈಯಲ್ಲಿ ರಕ್ತವಿಲ್ಲ, ದಿನಾ ಸೊಪ್ಪು ತಿನ್ನಿಸು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಹೇಳುವುದಕ್ಕೇನು, ಹೇಳಿಬಿಡುತ್ತಾರೆ.

“ಬಸುರಿ ಮಗಳಿಗೆ ಒಂದಿಷ್ಟು ಸೊಪ್ಪು ಸೋಮಿ...”

“ಇವತ್ತು ಸೊಪ್ಪು, ನಾಳೆ ರಾಗಿ, ನಾಡಿದ್ದು ಉಳೋಳೇ ಒಡತಿ ಅಂತ ಡಿಕ್ಲರೇಷನ್ ಹಾಕ್ತೀಯ. ನಿಮ್ಮೋರು ಹಂಗೇ ನಮ್ಮಪ್ಪನ ಮೂರೆಕರೆ ನುಂಗಿದ್ರು ಕಣೇ!”

ಗೇಣಿದಾರರು ಭೂಮಿಗೆ ಅರ್ಜಿ ಹಾಕಿದ ಕಾಲಕ್ಕೆ ಶಾಮಲಮ್ಮ ಹುಟ್ಟೇ ಇರಲಿಲ್ಲ. ಅವನಿಗೆ ಮಾತ್ರ ಐವತ್ತು ವರ್ಷ ಕಳೆದರೂ ಆ ಹೊಟ್ಟೆಯುರಿ ಆರಿರಲಿಲ್ಲ.

“ಕಸ ಸುರಿದೋರನ್ನ ಒಂದಿನಾನೂ ಕೇಳ್ಲಿಲ್ಲವಲ್ಲ ಸೋಮಿ?”

“ಕಸ ಬಿದ್ದಿದ್ರೆ ಜಾಗ ನಂದು. ಸೊಪ್ಪು ಬೆಳೆದ್ರೆ ನಿಂದಾಗ್ತದೆ. ಅಷ್ಟೂ ತಿಳಿಯಲ್ವೇನೇ?”

“ನಾಲ್ಕು ದಿನ ಬಿಡಿ, ಕೊಯ್ಕೊಂಡು ಹೋಗ್ತೀನಿ.” ಅವಳು ಕೈ ಮುಗಿದಳು. ಆ ಕೈಯನ್ನು ಆಮೇಲೆ ಅವಳೇ ಶಪಿಸಿಕೊಂಡಳು.

ಮಧ್ಯಾಹ್ನಕ್ಕೆ ಟ್ರ್ಯಾಕ್ಟರ್ ಬಂತು, ಕೆಡವಿದ ಗೋಡೆಯ ಇಟ್ಟಿಗೆ ಚೂರು ತುಂಬಿಕೊಂಡು. ಶಾಮಲಮ್ಮ ಮಡಿಯ ನಡುವೆ ಕೂತುಬಿಟ್ಟಳು. ಓಡಿಸುತ್ತಿದ್ದವನು ಅವಳ ಕೇರಿಯ ಮುನೇಶನೇ.

“ವದ್ದಕ್ಕಾ, ಲೆಯ್ಯಿ,” ಎಂದು ತೆಲುಗಿನಲ್ಲಿ ಗೋಗರೆದ. “ಬೇಡಕ್ಕಾ, ಎದ್ದೇಳು, ನನ್ನ ಕೆಲಸ ಹೋಗ್ತದೆ.”

“ಸುರಿಯೋ ಬೋಳಿಮಗನೇ, ಅವಳ ಮೇಲೇ ಸುರಿ!” ಟ್ರ್ಯಾಕ್ಟರ್ ಹಿಂದೆಯೇ ಬೈಕಿನಲ್ಲಿ ಬಂದಿದ್ದ ಸುಬ್ಬರಾಯಪ್ಪ ಕೂಗಿದ.

ಕಸ ಎಸೆಯುತ್ತಿದ್ದ ಮನೆಗಳವರೆಲ್ಲ ಬಾಲ್ಕನಿಯ ಗುಲಾಬಿ ಕುಂಡಗಳ ಹಿಂದೆ ನಿಂತು ನೋಡಿದರು. ಮುನೇಶನ ಮುಖ ನೋಡಿ ಶಾಮಲಮ್ಮ ಎದ್ದಳು. ಇಟ್ಟಿಗೆ ಚೂರು ದಬದಬನೆ ಬಿತ್ತು. ಒಂದು ಎಲೆಯೂ ಉಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ಸುಬ್ಬರಾಯಪ್ಪ ಹಾಲು ತರಲು ಗೇಟು ತೆಗೆಯಲು ಹೋದರೆ ಗೇಟು ಅಲ್ಲಾಡಲಿಲ್ಲ. ಹೊರಗೆ ಮೊಣಕಾಲೆತ್ತರ ಸೈಟಿನ ಅದೇ ಇಟ್ಟಿಗೆ ಚೂರು. ಕಸದ ತಳ್ಳುಗಾಡಿಯಿಂದ ಶಾಮಲಮ್ಮ ಬುಟ್ಟಿಗೆ ತುಂಬಿ ಇನ್ನೂ ಸುರಿಯುತ್ತಲೇ ಇದ್ದಳು.

“ಲೇ! ಏನೇ ಇದು?”

“ಕಸ ಬಿದ್ದಿದ್ರೆ ತಾನೇ ಜಾಗ ನಿಂದು ಸುಬ್ಬರಾಯಪ್ಪಾ?” ಅವಳು ಬುಟ್ಟಿ ಕೊಡವಿದಳು. “ಮನೇನೂ ನಿಂದೇ ಆಗ್ಲಿ.”

ಗಾಡಿ ತಿರುಗಿಸಿಕೊಂಡು ಇನ್ನೊಂದು ಲೋಡು ತರಲು ಹೊರಟಳು.